ಕರುಳಿನ ವಿಷ, ಶ್ವಾಸಕೋಶದ ಉರಿಯೂತ: ಪುರಾವೆ ಎಷ್ಟು?

2020ರ ಏಪ್ರಿಲ್‌ನಲ್ಲಿ ಪಶ್ಚಿಮ ಬೆಂಗಳೂರಿನ ಪಾದರಾಯನಪುರ ಸೀಲ್‌ಡೌನ್ ಆಯಿತು. ಮುಂದೆ ರಾಜಾಜಿನಗರ, ವಿಜಯನಗರಗಳಲ್ಲೂ ಕೋವಿಡ್ ಹರಡಿತು. ವೈರಸ್ ಒಂದೇ, ಆದರೂ ಕೆಲವರಿಗೆ ಬರೀ ಜ್ವರ-ಕೆಮ್ಮು, ಕೆಲವರಿಗೆ ಆಮ್ಲಜನಕವೇ ಬೇಕಾಯಿತು. ಏಕೆ? ವಯಸ್ಸು, ಸಕ್ಕರೆ ಕಾಯಿಲೆಗಳ ಜೊತೆಗೆ ಕರುಳಿನ ಬ್ಯಾಕ್ಟೀರಿಯಗಳ ವಿಷವೂ ಉರಿಯೂತವನ್ನು ಹೆಚ್ಚಿಸಬಹುದು ಎಂಬುದು ಒಂದು ವಾದ. ಅದನ್ನು ಒರೆಗೆ ಹಚ್ಚಿ ನೋಡೋಣ.

ವಾದದ ತಳಹದಿ ಗಟ್ಟಿಯಾಗಿದೆ. ಗ್ರಾಂ-ಋಣ ಬ್ಯಾಕ್ಟೀರಿಯಗಳ ಹೊರಪೊರೆಯಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ಅಣುವಿದೆ. ಇದೇ ಎಂಡೋಟಾಕ್ಸಿನ್, ಅಂದರೆ ಅಂತರ್ವಿಷ. ಈ ಕಲ್ಪನೆಯನ್ನು 1892ರಲ್ಲಿ ಮುಂದಿಟ್ಟವರು ಕಾಲರಾ ಕುರಿತು ಸಂಶೋಧಿಸುತ್ತಿದ್ದ ರಿಚರ್ಡ್ ಫೈಫರ್. ಕರುಳಿನ ಗೋಡೆ ಸುಸ್ಥಿತಿಯಲ್ಲಿದ್ದರೆ ಇದರಿಂದ ತೊಂದರೆ ಅಷ್ಟಾಗಿ ಇಲ್ಲ. ರಕ್ತಕ್ಕೆ ಸೇರಿದರೆ ರಕ್ಷಣಾ ಕೋಶಗಳ ಟಿಎಲ್‌ಆರ್-4 ಗ್ರಾಹಿಯನ್ನು ಕೆರಳಿಸಿ ಉರಿಯೂತದ ಸೈಟೊಕೈನ್‌ಗಳನ್ನು ಹೊರಡಿಸುತ್ತದೆ. ಈ ಗ್ರಾಹಿಯ ಪಾತ್ರವನ್ನು 1998ರಲ್ಲಿ ತೋರಿಸಿದ ಬ್ರೂಸ್ ಬಾಯ್ಟ್ಲರ್ 2011ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಕೊರೊನಾ ವೈರಸ್ ಬಳಸುವ ಎಸಿಇ-2 ಗ್ರಾಹಿ ಕರುಳಿನ ಕೋಶಗಳಲ್ಲೂ ಹೇರಳವಾಗಿದೆ.

ಇನ್ನು ಪುರಾವೆ. 2020ರಲ್ಲಿ 'ಸೈನ್ಸ್' ಪತ್ರಿಕೆ ಪ್ರಕಟಿಸಿದ ಅಧ್ಯಯನದಲ್ಲಿ ಹಾಂಗ್‌ಕಾಂಗ್ ಮತ್ತು ಅಟ್ಲಾಂಟಾದ 76 ರೋಗಿಗಳಿದ್ದರು. ತೀವ್ರ ರೋಗಿಗಳ ರಕ್ತದಲ್ಲಿ ಬ್ಯಾಕ್ಟೀರಿಯಗಳ ಅಂಶ ಹೆಚ್ಚಿತ್ತು. ಅದರೊಡನೆ ಉರಿಯೂತದ ಅಣುಗಳೂ ಹೆಚ್ಚಿದ್ದವು. ಅಧ್ಯಯನ ಮೌಲಿಕವಾದುದೇ. ಆದರೆ ಎರಡು ಪ್ರಶ್ನೆಗಳು ಉಳಿಯುತ್ತವೆ. ಆ ಅಂಶ ಬಂದದ್ದು ಕರುಳಿನಿಂದಲೋ, ಸೋಂಕು ತಗುಲಿದ ಶ್ವಾಸಕೋಶದಿಂದಲೋ? ಸೋರಿಕೆಯಿಂದ ರೋಗ ಉಲ್ಬಣಿಸಿತೋ, ರೋಗ ಉಲ್ಬಣಿಸಿದ್ದರಿಂದ ಸೋರಿಕೆಯಾಯಿತೋ? ಸಹಸಂಬಂಧವೊಂದೇ ಇದಕ್ಕೆ ಉತ್ತರ ಕೊಡಲಾರದು.

ಒಪ್ಪುವಂಥ ವಿವರಣೆ ಚಿಕಿತ್ಸೆಯಲ್ಲಿ ಸೋತದ್ದೂ ಉಂಟು. ಟಿಎಲ್‌ಆರ್-4 ವ್ಯವಸ್ಥೆಯನ್ನು ತಡೆಯುವ ಎರಿಟೊರಾನ್ ಔಷಧ ಇನ್‌ಫ್ಲುಯೆಂಜಾ ತಗುಲಿದ ಇಲಿಗಳನ್ನು ಉಳಿಸಿತೆಂದು 2013ರಲ್ಲಿ ವರದಿಯಾಯಿತು. ಅದೇ ವರ್ಷ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ತೀವ್ರ ನಂಜಿನ ರೋಗಿಗಳ ಸಾವನ್ನು ಅದು ತಗ್ಗಿಸಲಿಲ್ಲ.

ಈ ಎಚ್ಚರ ಮರೆತರೆ ಅಪಾಯ. 'ದೋಷ ಬ್ಯಾಕ್ಟೀರಿಯದ್ದಾದರೆ ಆಂಟಿಬಯೋಟಿಕ್ ನುಂಗೋಣ' ಎನ್ನುವುದು ಸುಲಭ. ಅದು ಕರುಳಿನ ಉಪಕಾರಿ ಜೀವಿಗಳನ್ನೂ ಕೊಲ್ಲುತ್ತದೆ. ಔಷಧಕ್ಕೆ ಬಗ್ಗದ ತಳಿಗಳನ್ನು ಬೆಳೆಸುತ್ತದೆ. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳ ಸಾವನ್ನು ಅಜಿತ್ರೊಮೈಸಿನ್ ಕಡಿಮೆ ಮಾಡಲಿಲ್ಲವೆಂದು ಬ್ರಿಟನ್ನಿನ 'ರಿಕವರಿ' ಪರೀಕ್ಷೆ ತೋರಿಸಿತು. ಆ ಪರೀಕ್ಷೆ ಕರುಳಿನ ವಾದವನ್ನು ಅಳೆಯಲು ನಡೆದದ್ದಲ್ಲ, ನಿಜ. ಆದರೆ ಊಹೆಯಿಂದ ನೇರವಾಗಿ ಮಾತ್ರೆಗೆ ಜಿಗಿಯಬಾರದೆಂಬ ಪಾಠ ಅದರಲ್ಲಿದೆ. ಪ್ರೊಬಯೋಟಿಕ್ ಜಾಹೀರಾತುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮಜ್ಜಿಗೆ ಒಳ್ಳೆಯ ಆಹಾರ, ನ್ಯುಮೋನಿಯಕ್ಕೆ ಮದ್ದಲ್ಲ.

ಹಾಗಾದರೆ ವಾದವನ್ನು ತಳ್ಳಿಹಾಕಬೇಕೆ? ಬೇಡ. ರೋಗ ಉಲ್ಬಣಿಸುವ ಮುನ್ನವೇ ರಕ್ತದಲ್ಲಿ ಅಂತರ್ವಿಷ ಏರುತ್ತದೆಯೆ, ಅದನ್ನು ತಗ್ಗಿಸಿದರೆ ರೋಗಿ ಚೇತರಿಸುವನೆ ಎಂದು ಪರೀಕ್ಷಿಸಬೇಕು. ಅಲ್ಲಿಯವರೆಗೆ ಇದು ಒಳ್ಳೆಯ ಊಹೆ, ಅಷ್ಟೆ. ಅಧ್ಯಾಪಕರು ತರಗತಿಯಲ್ಲಿ ಇದನ್ನು ಉತ್ತರವಾಗಿ ಅಲ್ಲ, ಪ್ರಶ್ನೆಯಾಗಿ ಮುಂದಿಡಲಿ.