ವಡ್ಡಾರಾಧನೆಯ ಕಥಾಸರಣಿ: ಉಪಾಧ್ಯಾಯರ ಒಂದು ಓದು

ಹಳಗನ್ನಡ ಗದ್ಯವೆಂದೊಡನೆ ನಮ್ಮ ಉಪಾಧ್ಯಾಯ ವರ್ಗದವರ ನೆನಪಿಗೆ ಮೊದಲು ಬರುವ ಗ್ರಂಥ ವಡ್ಡಾರಾಧನೆ. ಆದರೆ ಅದನ್ನು ಆದ್ಯಂತವಾಗಿ ಓದಿದವರು ನಮ್ಮಲ್ಲಿ ವಿರಳ. ಸುಕುಮಾರಸ್ವಾಮಿಯ ಸುಖವೈಭವದ ಒಂದು ತುಣುಕನ್ನೋ ವಿದ್ಯುಚ್ಚೋರನ ಕಳ್ಳತನದ ಒಂದು ಭಾಗವನ್ನೋ ತರಗತಿಯಲ್ಲಿ ಓದಿಸಿ, ಶಬ್ದಾರ್ಥ ಹೇಳಿ, ಮುಂದಿನ ಪಾಠಕ್ಕೆ ಹೋಗುವುದು ವಾಡಿಕೆ. ನಾವೂ ಬಹುಕಾಲ ಹೀಗೆಯೇ ಪಾಠ ಹೇಳಿದವರು. ಹೀಗೆ ಬಿಡಿಯಾಗಿ ಓದಿದಾಗ ಆ ಗ್ರಂಥಕ್ಕೆ ಅನ್ಯಾಯವಾಗುತ್ತದೆಂದು ನಮಗೆ ತಿಳಿದುಬಂದುದು ಇತ್ತೀಚೆಗೆ. ಆ ತಿಳಿವನ್ನು ಸಹೋದ್ಯೋಗಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಳೆದ ಬೇಸಿಗೆಯ ರಜೆಯಲ್ಲಿ ತಿರುಪ್ಪೂರಿನ ಸ್ನೇಹಿತರೊಬ್ಬರ ಮನೆಯ ಜಗುಲಿಯಲ್ಲಿ ಕೆಲವರು ಕಲೆತು ಈ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆವು. ಕೊಯಮತ್ತೂರು ತಿರುಪ್ಪೂರು ಜಿಲ್ಲೆಗಳಲ್ಲಿ ದೇವಾಂಗ ನೇಕಾರರೇ ಮೊದಲಾಗಿ ಮನೆಯಲ್ಲಿ ಕನ್ನಡವಾಡುವ ಕುಟುಂಬಗಳು ಎಷ್ಟೋ ಇವೆ. ಮಕ್ಕಳು ಓದುವುದು ತಮಿಳಿನಲ್ಲಿ. ಕನ್ನಡ ಅವರಿಗೆ ಕಿವಿಯ ಭಾಷೆ, ಕಣ್ಣಿನ ಭಾಷೆಯಲ್ಲ. ಆದುದರಿಂದ ನಾವು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು ಎಂಬ ಏರ್ಪಾಡಾಯಿತು. ಆಗ ಒಂದು ಸೋಜಿಗ ಕಂಡಿತು. ಪಾಲ್, ಪಲ್, ಪುಲಿ ಎಂಬ ಪಕಾರದ ಹಳೆಯ ರೂಪಗಳಿಗೆ ಮೈಸೂರು ಕಡೆಯ ವಿದ್ಯಾರ್ಥಿಗಳಿಗೆ ಟಿಪ್ಪಣಿ ಬೇಕು. ತಮಿಳು ಬಲ್ಲ ಈ ಕೇಳುಗರಿಗೆ ಬೇಕಾಗಲಿಲ್ಲ. ನಾವು ಬರವಣಿಗೆಯಿಂದ ಕೈಬಿಟ್ಟ ೞಕಾರವನ್ನೂ ಅವರ ನಾಲಗೆ ಸಲೀಸಾಗಿ ನುಡಿಯಿತು. ಗಡಿನಾಡಿನ ಮಕ್ಕಳಿಗೆ ಹಳಗನ್ನಡ ಕಠಿಣವೆಂಬ ಮಾತನ್ನು ನಾವು ಇನ್ನು ಮುಂದೆ ಆಡಲಾರೆವು.

ಗ್ರಂಥದ ಪರಿಚಯವನ್ನು ಎರಡು ಮಾತಿನಲ್ಲಿ ಹೇಳುವುದಾದರೆ, ಇದು ಹತ್ತನೆಯ ಶತಮಾನದ್ದೆಂದು ಬಹುಮಂದಿ ವಿದ್ವಾಂಸರು ಒಪ್ಪಿರುವ, ಹತ್ತೊಂಬತ್ತು ಕಥೆಗಳ ಜೈನ ಕೃತಿ. ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಇದನ್ನು ಸಂಪಾದಿಸಿ ಪ್ರಕಟಿಸಿದರು. ಅದಕ್ಕೆ ಮುಂಚೆ ಹಳಗನ್ನಡ ಗದ್ಯಕ್ಕೆ 978ರ ಚಾವುಂಡರಾಯ ಪುರಾಣವನ್ನೇ ಮುಖ್ಯವಾಗಿ ಹೆಸರಿಸುವ ರೂಢಿಯಿತ್ತು. ಕರ್ತೃ ಶಿವಕೋಟ್ಯಾಚಾರ್ಯನೋ ಬೇರೊಬ್ಬನೋ, ಗ್ರಂಥದ ನಿಜವಾದ ಹೆಸರೇನು ಎಂಬ ಚರ್ಚೆ ದೀರ್ಘವಾದುದು. ಪ್ರಕೃತ ಅದಕ್ಕೆ ನಾವು ಕೈಹಾಕುವುದಿಲ್ಲ. ಪ್ರತಿಯೊಂದು ಕಥೆಯೂ ಒಂದು ಪ್ರಾಕೃತ ಗಾಹೆಯಿಂದ ತೊಡಗುತ್ತದೆ. ಮುಖ್ಯ ಪಾತ್ರಗಳು ಬಹುಪಾಲು ದಾರುಣವಾದ ಉಪಸರ್ಗವನ್ನು ಸಹಿಸಿ ಪ್ರಾಣಬಿಡುವ ಮುನಿಗಳು.

ಈ ನೆಲಕ್ಕೂ ಆ ಲೋಕಕ್ಕೂ ಸಂಬಂಧವಿಲ್ಲವೆಂದು ಯಾರೂ ಭಾವಿಸಬಾರದು. ತಿರುಪ್ಪೂರಿಗೆ ಸಮೀಪದ ವಿಜಯಮಂಗಲ ಇಂದು ಈರೋಡು ಜಿಲ್ಲೆಯಲ್ಲಿದೆ. 1979ರವರೆಗೆ ಅದೂ ಕೊಯಮತ್ತೂರು ಜಿಲ್ಲೆಯೇ. ಅಲ್ಲಿ ಹಳೆಯ ಜಿನಾಲಯವಿದೆ. ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನ ತಂಗಿ ಪುಳಿಯಬ್ಬೆ ಅಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳೆಂದು ಅಲ್ಲಿಯ ಶಾಸನವನ್ನು ಓದಿದವರು ತಿಳಿಸಿದ್ದಾರೆ. ಉ. ವೇ. ಸ್ವಾಮಿನಾಥ ಅಯ್ಯರ್ 1924ರಲ್ಲಿ ಪ್ರಕಟಿಸಿದ ಪೆರುಂಗದೈ ಎಂಬ ತಮಿಳು ಜೈನ ಕಾವ್ಯದ ಕರ್ತೃ ಕೊಂಗುವೇಳಿರನ ಊರೂ ಅದೇ ಎಂದು ಪ್ರತೀತಿ. ವಡ್ಡಾರಾಧನೆಯ ಮರಣಕಥೆಗಳನ್ನು ಕೇಳಿ ತಲೆದೂಗಿದ ಜನ ಈ ಕೊಂಗುನಾಡಿನಲ್ಲಿಯೂ ಇದ್ದಿರಬೇಕೆಂದು ಊಹಿಸುವುದು ಅತಿಶಯವಲ್ಲ.

ಈ ಕಥೆಗಳ ಕತ್ತಲೆ ಸಾಮಾನ್ಯವಾದುದಲ್ಲ. ಐನೂರು ಮಂದಿ ಮುನಿಗಳನ್ನು ಗಾಣಕ್ಕಿಕ್ಕಿ ಅರೆಯುತ್ತಾರೆ. ಮುನಿಯಾದ ಚಾಣಾಕ್ಯನು ದನದ ಹಟ್ಟಿಯಲ್ಲಿ ಧ್ಯಾನದಲ್ಲಿರುವಾಗ ಹಗೆಯಾದ ಸುಬಂಧು ಬೆಂಕಿಯಿಡುತ್ತಾನೆ. ಕಾರ್ತಿಕ ಋಷಿಯ ಕಥೆಯಲ್ಲಿ ಅಗ್ನಿಯೆಂಬ ರಾಜನು ತನ್ನ ಮಗಳನ್ನೇ ಮದುವೆಯಾಗುತ್ತಾನೆ. ಹುಟ್ಟಿದ ಹುಡುಗನು ತನ್ನ ತಾತನಾರೆಂದು ತಾಯಿಯನ್ನು ಕೇಳುವ ಸನ್ನಿವೇಶದಷ್ಟು ಎದೆಯನ್ನು ಕುಗ್ಗಿಸುವ ಭಾಗ ಹಳಗನ್ನಡದಲ್ಲಿ ಹೆಚ್ಚಿಲ್ಲ. ಮರುದಮಲೆ, ಶಿವನ್ಮಲೆಗಳಿಗೆ ನಡೆದುಕೊಳ್ಳುವ ನಮ್ಮ ಕೇಳುಗರು ಇಲ್ಲಿ ಒಂದನ್ನು ಕೂಡಲೇ ಗುರುತಿಸಿದರು. ತಂದೆ ಅಗ್ನಿ, ತಾಯಿ ಕೃತ್ತಿಕೆ, ಮಗ ಕಾರ್ತಿಕ, ಕೊಲ್ಲುವವನು ಕ್ರೌಂಚರಾಜ, ಆಯುಧ ಶಕ್ತಿ: ಇವೆಲ್ಲ ಮುರುಗನ ಪುರಾಣದ ಹೆಸರುಗಳೇ. ಪುರಾಣದಲ್ಲಿ ದೇವರು ಕ್ರೌಂಚಪರ್ವತವನ್ನು ಶಕ್ತಿಯಿಂದ ಸೀಳುತ್ತಾನೆ. ಇಲ್ಲಿ ಕ್ರೌಂಚನೇ ಶಕ್ತಿಯಿಂದ ಮುನಿಯನ್ನು ಇರಿಯುತ್ತಾನೆ. ಗೆಲ್ಲುವವನ ಕಥೆಯನ್ನು ಸಹಿಸುವವನ ಕಥೆಯನ್ನಾಗಿ ತಿರುಗಿಸಿರುವುದೇ ಈ ಗ್ರಂಥದ ಮನೋಧರ್ಮ.

ಇಷ್ಟು ಕ್ರೌರ್ಯವನ್ನು ಏತಕ್ಕೆ ಓದಬೇಕು? ಬಿಡಿಯಾಗಿ ಓದಿದವನಿಗೆ ಈ ಪ್ರಶ್ನೆಗೆ ಉತ್ತರ ಸಿಕ್ಕುವುದಿಲ್ಲ. ಕಥೆಗಳನ್ನು ಕೂಡಿಸಿ ಓದಿದಾಗ ಮಾತ್ರ ಅವುಗಳ ನಡುವಿನ ನೂಲು ಕಾಣುತ್ತದೆ. ಅಭಯಘೋಷನೆಂಬ ರಾಜನು ಒಂದು ಆಮೆಯ ನಾಲ್ಕು ಕಾಲುಗಳನ್ನೂ ಕಡಿಯುತ್ತಾನೆ. ಆಮೆ ಅವನ ಮಗನಾಗಿಯೇ ಹುಟ್ಟಿ, ಮುನಿಯಾದ ತಂದೆಯ ಕೈಕಾಲುಗಳನ್ನು ಕಡಿಯುತ್ತದೆ. ಗುರುದತ್ತನು ಗವಿಯಲ್ಲಿದ್ದ ಹುಲಿಯನ್ನು ಬೆಂಕಿಯಿಂದ ಕೊಲ್ಲಿಸುತ್ತಾನೆ. ಹುಲಿ ಕಪಿಲನೆಂಬ ಉಳುವವನಾಗಿ ಹುಟ್ಟಿ, ಮುನಿಯಾದ ಗುರುದತ್ತನಿಗೆ ಹತ್ತಿಯನ್ನು ಸುತ್ತಿ ಉರಿಯಿಡುತ್ತಾನೆ. ಹತ್ತಿಯಿಂದ ಅನ್ನ ಕಾಣುವ ಊರಿನಲ್ಲಿ ಈ ಕಥೆಯನ್ನು ಓದಿದಾಗ ಜಗುಲಿಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕೊಲ್ಲುವವನೂ ಸಾಯುವವನೂ ಪರಕೀಯರಲ್ಲ. ಒಬ್ಬನು ಇನ್ನೊಬ್ಬನ ಮರೆತುಹೋದ ನಂಟ. ಕಥೆಯಿಂದ ಕಥೆಗೆ ಈ ಮಾತು ಬೇರೆ ಬೇರೆ ರೂಪದಲ್ಲಿ ಮರಳಿ ಬರುತ್ತದೆ. ಹೀಗೆ ಹತ್ತೊಂಬತ್ತೂ ಸೇರಿ ಒಂದೇ ಕಥೆಯಾಗುತ್ತವೆ.

ಮೊದಲನೆಯ ಕಥೆಯನ್ನೇ ವಿವರವಾಗಿ ನೋಡೋಣ. ಸುಕುಮಾರಸ್ವಾಮಿಯೆಂದರೆ ಸಾಸಿವೆ ಮೈಗೆ ತಗುಲಿದರೂ ನೋಯುವ, ದೀಪದ ಬೆಳಕಿಗೆ ಕಣ್ಣೀರು ಸುರಿಸುವ ಶ್ರೀಮಂತ ಕುವರನೆಂಬುದನ್ನು ಎಲ್ಲರೂ ಬಲ್ಲರು. ಅವನು ಹಿಂದಿನ ಭವಗಳನ್ನು ನೆನೆದು ಉಪ್ಪರಿಗೆಯಿಂದಿಳಿದು ತಪಸ್ಸಿಗೆ ನಿಂತಾಗ, ಮೃದುವಾದ ಪಾದಗಳಿಂದ ಸುರಿದ ನೆತ್ತರಿನ ಜಾಡು ಹಿಡಿದು ಬಂದ ಹೆಣ್ಣುನರಿಯೊಂದು ಮರಿಗಳೊಡನೆ ಅವನನ್ನು ಕಾಲಿನಿಂದ ತೊಡಗಿ ತಿನ್ನುತ್ತದೆ. ಆದರೆ ಈ ಕತ್ತಲೆ ಎಲ್ಲಿಂದ ಬಂತು? ಉಪಾಧ್ಯಾಯ ಬಂಧುಗಳು ಗಮನಿಸಬೇಕು: ಅದರ ಮೊದಲ ಕಿಡಿ ಹೊತ್ತಿದುದು ಒಂದು ಪಾಠಶಾಲೆಯಲ್ಲಿ.

ಅಗ್ನಿಭೂತಿ, ವಾಯುಭೂತಿ ಎಂಬ ಅಣ್ಣತಮ್ಮಂದಿರು ಓದದೆ ಕೆಟ್ಟು, ತಂದೆ ಸತ್ತ ಮೇಲೆ ಸೋದರಮಾವನಾದ ಸೂರ್ಯಮಿತ್ರನಲ್ಲಿಗೆ ವಿದ್ಯೆಗೆಂದು ಬರುತ್ತಾರೆ. ಸಲಿಗೆಯಿಂದ ಓದು ಕೆಡುತ್ತದೆಂದು ಅವನು ತಾನು ಅವರ ಮಾವನೇ ಅಲ್ಲವೆಂದು ಹೇಳಿ, ಭಿಕ್ಷೆ ಬೇಡಿ ಉಣ್ಣುವಂತೆ ಮಾಡಿ, ಕಟ್ಟುನಿಟ್ಟಾಗಿ ಕಲಿಸುತ್ತಾನೆ. ವಿದ್ಯೆ ಮುಗಿದ ಮೇಲೆ ನಿಜವನ್ನು ತಿಳಿಸುತ್ತಾನೆ. ಅಣ್ಣನಿಗೆ ಅದು ಉಪಕಾರವೆಂದು ತೋರಿತು. ತಮ್ಮನಿಗೆ ಅಪಮಾನವೆಂದು ತೋರಿತು. ಮುಂದೆ ಸೂರ್ಯಮಿತ್ರ ಮುನಿಯಾಗಿ ಬಂದಾಗ ವಾಯುಭೂತಿ ಅವನನ್ನು ನಿಂದಿಸುತ್ತಾನೆ; ಮನನೊಂದು ಅಗ್ನಿಭೂತಿ ಸಂಸಾರವನ್ನು ಬಿಡುತ್ತಾನೆ; ಗಂಡನನ್ನು ಕಳೆದುಕೊಂಡ ಅತ್ತಿಗೆ ಮೈದುನನ ಬಳಿ ಬಂದಾಗ ಅವನು ಅವಳನ್ನು ಒದೆಯುತ್ತಾನೆ. ಒದ್ದ ಆ ಕಾಲನ್ನು ಮುಂದಿನ ಭವದಲ್ಲಿ ತಿನ್ನುವೆನೆಂದು ಅವಳು ಸಂಕಲ್ಪಿಸುತ್ತಾಳೆ. ಅವಳೇ ನರಿ, ವಾಯುಭೂತಿಯೇ ಸುಕುಮಾರ.

ಒಂದೇ ತರಗತಿ, ಒಂದೇ ಗುರು, ಒಂದೇ ಶಿಕ್ಷೆ, ಫಲಗಳು ಎರಡು. ಮೂವತ್ತು ವರ್ಷ ಪಾಠ ಹೇಳಿದ ನಮಗೆ ಇದು ಪುರಾಣವೆಂದು ತೋರಲಿಲ್ಲ. ನಮ್ಮ ಬಂಧುವಿನ ಮಗನೊಬ್ಬನು ನಮ್ಮ ತರಗತಿಯಲ್ಲಿದ್ದಾಗ, ಪಕ್ಷಪಾತವೆಂಬ ಮಾತು ಬಾರದಿರಲೆಂದು ಉಳಿದವರಿಗಿಂತ ಅವನನ್ನು ಹೆಚ್ಚಾಗಿಯೇ ಗದರಿಸಿದೆವು. ಅವನ ಹಿತಕ್ಕೆಂದೇ ಹಾಗೆ ಮಾಡಿದೆವೆಂದು ಇಂದೂ ನಂಬಿದ್ದೇವೆ. ಆದರೆ ಅವನು ಇಂದಿಗೂ ಮದುವೆಮನೆಗಳಲ್ಲಿ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾನೆ. ಸೂರ್ಯಮಿತ್ರನ ಭಾಗವನ್ನು ಗಟ್ಟಿಯಾಗಿ ಓದುತ್ತಿದ್ದಾಗ ನಮ್ಮ ಧ್ವನಿ ಕುಗ್ಗಿದುದನ್ನು ಸ್ನೇಹಿತರು ಕಂಡುಕೊಂಡರು.

ಗ್ರಂಥಕಾರನು ಗುರುವನ್ನು ಅಲ್ಲಿಗೇ ಬಿಡುವುದಿಲ್ಲ. ವಾಯುಭೂತಿ ಕತ್ತೆ, ಹಂದಿ, ನಾಯಿಗಳಾಗಿ ಹುಟ್ಟಿ, ಅನಂತರ ಸಮಾಜವು ಅಸ್ಪೃಶ್ಯವೆಂದು ದೂರವಿಟ್ಟ ಕುಲದಲ್ಲಿ ಕುರುಡು ಹೆಣ್ಣಾಗಿ ಹುಟ್ಟುತ್ತಾನೆ. ದಾರಿಯಲ್ಲಿ ಅವಳನ್ನು ಕಂಡು ಅಗ್ನಿಭೂತಿಯ ಮನಸ್ಸು ಕಲಕುತ್ತದೆ. ಗುರು ಸಂಬಂಧವನ್ನು ಬಿಡಿಸಿ ಹೇಳಿ ಅವಳಿಗೆ ವ್ರತ ಕೊಡಿಸುತ್ತಾನೆ. ಮುಂದಿನ ಜನ್ಮದಲ್ಲಿ ಅವಳು ನಾಗಶ್ರೀ. ತಂದೆ ಅವಳ ವ್ರತಗಳನ್ನು ಹಿಂದಕ್ಕೆ ಕೊಡಿಸಲು ಕೈಹಿಡಿದು ಕರೆದೊಯ್ಯುವಾಗ, ದಾರಿಯುದ್ದಕ್ಕೂ ಕೊಲೆ, ಸುಳ್ಳು, ಕಳವು ಮೊದಲಾದುವಕ್ಕೆ ಶಿಕ್ಷೆಗೊಳಗಾದವರು ಕಾಣುತ್ತಾರೆ. ಒಬ್ಬೊಬ್ಬನದೂ ಒಂದೊಂದು ಉಪಕಥೆ. ಕೊನೆಗೆ ಸೂರ್ಯಮಿತ್ರನು ಅವಳು ತನ್ನ ಮಗಳೆಂದು ವಾದಿಸುತ್ತಾನೆ. ಸಾಕ್ಷಿಯೇನೆಂದರೆ, ಎಂದೂ ಓದದ ಆ ಬಾಲೆ ವೇದಗಳನ್ನು ಹೇಳುತ್ತಾಳೆ. ವಾಯುಭೂತಿಯಾಗಿದ್ದಾಗ ಗುರು ಕಲಿಸಿದುದು ಅಳಿದಿರಲಿಲ್ಲ. ಹಿಂದೊಮ್ಮೆ ಇದ್ದ ನಂಟನ್ನು ಇಲ್ಲವೆಂದವನೇ ಈಗ ಲೋಕದ ಕಣ್ಣಿಗೆ ಇಲ್ಲದ ನಂಟನ್ನು ಉಂಟೆಂದು ರಾಜನ ಮುಂದೆ ಸಾರುತ್ತಾನೆ. ಈ ಎರಡು ಮಾತುಗಳ ನಡುವೆ ಐದು ಜನ್ಮಗಳು ಕಳೆದಿವೆ. ಗುರು ತನ್ನ ಸಾಲವನ್ನು ತೀರಿಸಿದ ಬಗೆ ಇದು.

ಇಲ್ಲಿ ಒಂದು ಆಕ್ಷೇಪವನ್ನು ಮುಚ್ಚಿಡಬಾರದು. ಕುರುಡುತನವನ್ನೂ ಹೀನವೆನಿಸಿಕೊಂಡ ಕುಲದ ಜನ್ಮವನ್ನೂ ಪಾಪದ ಫಲವೆಂದು ಎಣಿಸುವ ಲೆಕ್ಕ ಈ ಗ್ರಂಥದಲ್ಲಿದೆ. ಅಂಥ ಮಗುವೊಂದು ನಮ್ಮ ಮುಂದಿನ ಬೆಂಚಿನಲ್ಲಿ ಕುಳಿತಿರುವಾಗ ಈ ಲೆಕ್ಕವನ್ನು ಪ್ರಶ್ನಿಸದೆ ಪಾಠ ಹೇಳುವುದು ಕ್ರೌರ್ಯವೇ ಸರಿ. ಹತ್ತನೆಯ ಶತಮಾನದ ನಂಬಿಕೆಯೆಂದು ಹೇಳಿ ನಾವು ಅದನ್ನು ಸ್ಪಷ್ಟವಾಗಿ ನಿರಾಕರಿಸಬೇಕು. ಆದರೆ ಅದೇ ಗ್ರಂಥದಲ್ಲಿ ಮುನಿಗಳು ದಾರಿಯಲ್ಲಿ ನಿಂತುದು ಆ ಹೆಣ್ಣುಮಗುವಿನ ಮುಂದೆ, ಕಥೆ ಬೆಳಕಿನತ್ತ ತಿರುಗುವುದೂ ಅಲ್ಲಿಂದಲೇ, ಎಂಬುದನ್ನೂ ಜೊತೆಗೆ ತೋರಿಸಬೇಕು.

ಎರಡನೆಯ ಆಕ್ಷೇಪ ನಮ್ಮದಲ್ಲ. ಬನಿಯನ್ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ, ಕನ್ನಡ ಅಕ್ಷರ ಅರಿಯದ ತರುಣಿಯೊಬ್ಬಳು ಕೇಳುಗರಲ್ಲಿದ್ದಳು. ಮೊದಲ ಕಥೆ ಮುಗಿದಾಗ ಅವಳು ಕೇಳಿದಳು: “ಒದ್ದವನಿಗೆ ಗುರು ಸಿಕ್ಕಿದ, ವ್ರತ ಸಿಕ್ಕಿತು. ಒದೆಸಿಕೊಂಡವಳ ಹತ್ತಿರ ಯಾರೂ ಹೋಗಲಿಲ್ಲವಲ್ಲ, ಏಕೆ?” ನಾವು ನಿರುತ್ತರರಾದೆವು. ಪಾಠ ಹೇಳಿದಷ್ಟು ಕಾಲವೂ ನಮಗೆ ಹೊಳೆಯದ ಪ್ರಶ್ನೆ ಅದು. ಅತ್ತಿಗೆಯ ಅಳಲು ನ್ಯಾಯವಾದುದು. ಆದರೂ ಆ ಕಥೆ ಅವಳಿಗೆ ಹಸಿವನ್ನೂ ಹಗೆಯನ್ನೂ ಬಿಟ್ಟು ಬೇರೇನನ್ನೂ ಕೊಡಲಿಲ್ಲ.

ಮರುದಿನ ಎರಡನೆಯ ಕಥೆಯನ್ನು ಓದಿದೆವು. ಅಲ್ಲಿ ಸುಕೌಶಳನ ತಾಯಿ ಮಗನ ಅಗಲಿಕೆಯಿಂದ ಕುದಿದು ಸತ್ತು ಹುಲಿಯಾಗಿ ಹುಟ್ಟಿ, ಮುನಿಯಾದ ಮಗನನ್ನೇ ತಿನ್ನುತ್ತಾಳೆ. ಆದರೆ ತಿಂದ ಮೇಲೆ ಆ ಹುಲಿಗೆ ಹಿಂದಿನ ಭವದ ನೆನಪು ಬರುತ್ತದೆ. ತಾನು ತಿಂದುದು ಯಾರನ್ನೆಂದು ತಿಳಿದು ಪಶ್ಚಾತ್ತಾಪಪಡುತ್ತದೆ. ಓದು ನಿಲ್ಲಿಸಿ ತರುಣಿಯ ಕಡೆಗೆ ನೋಡಿದೆವು. “ನರಿಗೆ ಆಗದ್ದು ಹುಲಿಗಾಯಿತು” ಎಂದಳು. ಇದು ಪೂರ್ಣವಾದ ಉತ್ತರವಲ್ಲ, ನರಿಯ ಸಾಲ ತೀರದೆಯೇ ಉಳಿದಿದೆ. ಆದರೆ ಒಂದು ಕಥೆ ಕತ್ತಲಲ್ಲಿ ಬಿಟ್ಟುದನ್ನು ಮತ್ತೊಂದು ಕಥೆ ಕೈಗೆತ್ತಿಕೊಳ್ಳುತ್ತದೆಂಬುದು ನಮಗೆ ಅಲ್ಲಿ ಮನದಟ್ಟಾಯಿತು. ಮೊದಲ ಕಥೆಯನ್ನಷ್ಟೇ ಓದಿದವನು ಹಗೆಯ ಬಲವನ್ನು ಬಲ್ಲ. ಎರಡನ್ನೂ ಓದಿದವನು ಹಗೆ ನೆನಪಿನಿಂದ ಕರಗಬಹುದೆಂಬುದನ್ನೂ ಬಲ್ಲ.

ಆದುದರಿಂದ ನಮ್ಮ ಸಲಹೆ ಇಷ್ಟು. ವಡ್ಡಾರಾಧನೆಯಿಂದ ಪಾಠವನ್ನು ಆರಿಸುವವರು ಸುಕುಮಾರನ ಅಕ್ಕಿ ಸಾಸಿವೆಗಳ ವರ್ಣನೆಗೆ ನಿಲ್ಲದೆ ಸೂರ್ಯಮಿತ್ರನ ಪಾಠಶಾಲೆಯಿಂದ ತೊಡಗಲಿ. ಮೊದಲೆರಡು ಕಥೆಗಳನ್ನಾದರೂ ಜೊತೆಯಾಗಿ ಓದಿಸಲಿ. ಕನ್ನಡ ಅಕ್ಷರ ಬಾರದ ಮನೆಗಳಲ್ಲಿ ಗಟ್ಟಿಯಾಗಿ ಓದಿ ಹೇಳಲಿ. ಈ ಗದ್ಯ ಕಿವಿಗೆಂದೇ ಹುಟ್ಟಿದಂತಿದೆ.

ಇನ್ನೊಂದು ಮಾತು. ಓದು ಮುಗಿದ ವಾರ ನಾವು ಆ ಬಂಧುವಿನ ಮಗನ ಮನೆಗೆ ಹೋಗಿದ್ದೆವು. ಗದರಿಸಿದುದು ಏಕೆಂದು ಹೇಳಿದೆವು. ಅವನು ಕ್ಷಮಿಸಿದನೆಂದು ಹೇಳಲಾರೆವು; ಕುಳಿತುಕೊಳ್ಳಿರೆಂದು ಚಾಪೆ ಹಾಸಿದನು. ಸೂರ್ಯಮಿತ್ರನಿಗೆ ಐದು ಜನ್ಮ ಹಿಡಿದ ಕೆಲಸಕ್ಕೆ ನಮಗೆ ಇರುವುದು ಇದೊಂದೇ ಜನ್ಮ.