ಪೌರವನ ಗೀತನಾಟಕವೂ ಕಲ್ಯಾಣದ ಗೀತವಿನೋದವೂ

ಪಾಶ್ಚಾತ್ಯರ ಸಂಗೀತದ ಮಾತು ಬಂದಾಗಲೆಲ್ಲ ವಿದ್ಯಾವಂತರ ಗೋಷ್ಠಿಗಳಲ್ಲಿ ಎರಡು ಅಭಿಪ್ರಾಯಗಳು ಕೇಳಿಬರುವುದುಂಟು. ಅವರದು ಕಾಗದದ ಮೇಲೆ ಬರೆದುದನ್ನು ಬರೆದಂತೆಯೇ ಒಪ್ಪಿಸುವ ಸಂಗೀತ, ಅಲ್ಲಿ ಗಾಯಕನ ಮನೋಧರ್ಮಕ್ಕೆ ಎಡೆಯಿಲ್ಲ ಎಂಬುದು ಒಂದು. ಭರತಖಂಡದ್ದು ಗುರುಮುಖದಿಂದ ಶಿಷ್ಯನ ಕಂಠಕ್ಕೆ ಇಳಿದುಬರುವ ಸಂಗೀತ, ಅದಕ್ಕೆ ಬರಹದ ಹಂಗಿಲ್ಲ ಎಂಬುದು ಇನ್ನೊಂದು. ಎರಡೂ ಅರ್ಧಸತ್ಯಗಳು. ಅರ್ಧಸತ್ಯವು ಪೂರ್ಣ ಅಸತ್ಯಕ್ಕಿಂತಲೂ ಹೆಚ್ಚಾಗಿ ದಾರಿ ತಪ್ಪಿಸುವುದು. ಇವುಗಳನ್ನು ಪರೀಕ್ಷಿಸಲು ಎರಡು ಕೃತಿಗಳನ್ನು ಎದುರುಬದುರಾಗಿ ಇಟ್ಟು ನೋಡಬಹುದು. ಒಂದು, 1731ರಲ್ಲಿ ಲಂಡನ್ ನಗರದಲ್ಲಿ ಹ್ಯಾಂಡೆಲನು ರಂಗಕ್ಕೆ ತಂದ ‘ಪೋರೋ’ ಎಂಬ ಗೀತನಾಟಕ. ಮತ್ತೊಂದು, ಅದಕ್ಕೆ ಆರು ನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಚಾಲುಕ್ಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದ ಗೀತವಿನೋದ ಪ್ರಕರಣ.

ಗೀತನಾಟಕವನ್ನು ಅಲ್ಲಿಯವರು ಆಪೆರಾ ಎನ್ನುವರು. ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಇದು ಯುರೋಪಿನ ಅರಮನೆಗಳ ಮುಖ್ಯ ವಿನೋದವಾಗಿತ್ತು. ಬಾಖ್, ಹ್ಯಾಂಡೆಲ್ ಇಬ್ಬರೂ 1685ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಇಟಲಿಯ ವಿವಾಲ್ಡಿ, ಫ್ರಾನ್ಸಿನ ರಾಮೋ ಇವರ ಸಮಕಾಲೀನರು. ಬಾಖನು ಆಪೆರಾವನ್ನು ಬರೆಯಲಿಲ್ಲ. ಹ್ಯಾಂಡೆಲನು ಇಟಲಿಯಲ್ಲಿ ಅದನ್ನು ಕಲಿತು, 1711ರಲ್ಲಿ ‘ರಿನಾಲ್ಡೋ’ವಿನಿಂದ ಮೊದಲುಮಾಡಿ, ಮೂವತ್ತು ವರ್ಷಗಳ ಕಾಲ ಲಂಡನ್ನಿನ ರಂಗಕ್ಕೆ ಒಂದರ ಮೇಲೊಂದು ಆಪೆರಾಗಳನ್ನು ಒದಗಿಸಿದನು. ಆಡುವ ಭಾಷೆ ಇಟಲಿಯದು, ಕೇಳುವವರು ಆಂಗ್ಲರು, ರಚಿಸಿದವನು ಜರ್ಮನನು. ಆದರೂ ಜನ ಸೇರುತ್ತಿದ್ದರು.

ಇದರ ರಚನೆ ಹೀಗಿರುವುದು. ಕಥೆಯು ಮಾತಿನ ನಡೆಯ ಗೇಯಸಂಭಾಷಣೆಯಲ್ಲಿ ಮುಂದಕ್ಕೆ ಸಾಗುತ್ತದೆ. ಪಾತ್ರದ ಹೃದಯ ತುಂಬಿಬಂದ ಕಡೆ ಕಥೆ ನಿಲ್ಲುತ್ತದೆ; ಆಗ ಆ ಪಾತ್ರವು ಆರಿಯಾ ಎಂಬ ಹಾಡನ್ನು ಹಾಡಿ ನಿರ್ಗಮಿಸುತ್ತದೆ. ಒಂದು ಆರಿಯಾದಲ್ಲಿ ಪ್ರಧಾನವಾಗಿರುವ ಭಾವ ಒಂದೇ: ಕ್ರೋಧವಾದರೆ ಕ್ರೋಧ, ಶೋಕವಾದರೆ ಶೋಕ. ಸ್ವರಗಳ ಗತಿಯಿಂದ ಯಾವ ಭಾವವನ್ನು ಹೇಗೆ ಎಬ್ಬಿಸಬೇಕೆಂಬುದನ್ನು ಮಾಥೇಸನ್ ಎಂಬ ಲಾಕ್ಷಣಿಕನು 1739ರ ತನ್ನ ಗ್ರಂಥದಲ್ಲಿ ವಿಚಾರಿಸಿರುವನು. ರಸಶಾಸ್ತ್ರವನ್ನು ಬಲ್ಲವರಿಗೆ ಈ ವಿಚಾರವು ಹೊಸದಾಗಿ ತೋರದು.

ಆರಿಯಾಕ್ಕೆ ಎರಡು ಭಾಗಗಳು. ಎರಡನೆಯದು ಮುಗಿದೊಡನೆ ‘ತಲೆಯಿಂದ’ ಎಂಬರ್ಥದ ದ ಕಾಪೊ ಎಂಬ ಸೂಚನೆ ಇರುವುದು. ಗಾಯಕನು ಮತ್ತೆ ಮೊದಲ ಭಾಗವನ್ನು ಎತ್ತಿಕೊಳ್ಳಬೇಕು. ಆದರೆ ಮೊದಲು ಹಾಡಿದಂತೆಯೇ ಹಾಡುವುದು ಅವನಿಗೆ ಗೌರವವಲ್ಲ. ತನ್ನ ಕಂಠದ ಶಕ್ತಿಗೂ ಭಾವದ ಅರಿವಿಗೂ ತಕ್ಕಂತೆ ಗಮಕಗಳಿಂದ ಅದನ್ನು ಅಲಂಕರಿಸಬೇಕು. ಈ ಅಲಂಕಾರಗಳನ್ನು ರಚನಕಾರನು ಸಾಮಾನ್ಯವಾಗಿ ಬರೆದಿಡುತ್ತಿರಲಿಲ್ಲ. ಹಾಗೆಯೇ ಹಾರ್ಪ್ಸಿಕಾರ್ಡ್ ಎಂಬ ತಂತಿವಾದ್ಯವನ್ನು ನುಡಿಸುವವನ ಎದುರಿಗೆ ಇರುತ್ತಿದ್ದುದು ಮಂದ್ರದ ಒಂದು ಸ್ವರಪಂಕ್ತಿ, ಅದರೊಡನೆ ಕೆಲವು ಅಂಕಿಗಳು, ಇಷ್ಟೇ. ಮಿಕ್ಕ ಸ್ವರಗಳನ್ನು ಅವನು ಆ ಕ್ಷಣದಲ್ಲಿ ತಾನೇ ಕೂಡಿಸಬೇಕಾಗಿತ್ತು. ಪಾಶ್ಚಾತ್ಯ ಸಂಗೀತದಲ್ಲಿ ಮನೋಧರ್ಮಕ್ಕೆ ಎಡೆಯಿಲ್ಲವೆಂಬ ಮಾತು ಆ ಕಾಲದ ಮಟ್ಟಿಗಂತೂ ನಿಲ್ಲುವುದಿಲ್ಲ.

ಇನ್ನು ‘ಪೋರೋ’ವಿನ ವಿಚಾರ. ಇದರ ಮೂಲ ಮೆಟಾಸ್ಟಾಸಿಯೋ ಎಂಬ ಇಟಲಿಯ ಕವಿ ಬರೆದ ‘ಇಂಡಿಯಾದಲ್ಲಿ ಅಲೆಕ್ಸಾಂಡರ್’ ಎಂಬ ನಾಟಕ. ವಿತಸ್ತಾ ನದಿಯ ತೀರದಲ್ಲಿ ಅಲೆಕ್ಸಾಂಡರನಿಗೆ ಸೋತ ಪೌರವ ರಾಜನೇ ಇಲ್ಲಿಯ ಪೋರೋ. ಅವನು ಪ್ರೀತಿಸಿದವಳು ಕ್ಲಿಯೊಫಿದೆ ಎಂಬ ರಾಣಿ. ಅವಳು ಬೇರೊಂದು ಪ್ರದೇಶದ ಒಡತಿ. ಸೋತ ರಾಜನು ವೇಷ ಬದಲಿಸಿ ಶತ್ರುವಿನ ಶಿಬಿರಕ್ಕೆ ಬರುತ್ತಾನೆ. ಅವನನ್ನು ಉಳಿಸಲೆಂದು ರಾಣಿಯು ಅಲೆಕ್ಸಾಂಡರನ ಮನವೊಲಿಸಲು ಹೋಗುತ್ತಾಳೆ; ಅದನ್ನೇ ಕಂಡು ರಾಜನು ಅಸೂಯೆಯಿಂದ ಬೇಯುತ್ತಾನೆ. ಕೊನೆಗೆ ಅವನು ಸತ್ತನೆಂದು ತಿಳಿದ ರಾಣಿ ಚಿತೆಯನ್ನೇರಲು ಸಿದ್ಧಳಾಗುತ್ತಾಳೆ, ರಾಜನು ಪ್ರಕಟವಾಗುತ್ತಾನೆ, ಅಲೆಕ್ಸಾಂಡರನು ಇಬ್ಬರನ್ನೂ ಕ್ಷಮಿಸಿ ರಾಜ್ಯವನ್ನು ಹಿಂದಿರುಗಿಸುತ್ತಾನೆ.

ಕಥೆಯಲ್ಲಿ ಅಸಂಭವಗಳು ಬಹಳ. ಆದರೆ ಮೊದಲನೆಯ ಅಂಕದ ಕೊನೆಯಲ್ಲಿ ಕವಿ ಮತ್ತು ಸಂಗೀತಕಾರ ಇಬ್ಬರೂ ಸೇರಿ ಒಂದು ಚಮತ್ಕಾರವನ್ನು ಸಾಧಿಸಿರುವರು. ಅಂಕದ ಮಧ್ಯದಲ್ಲಿ ರಾಜನು ಇನ್ನೆಂದಿಗೂ ಸಂಶಯಪಡೆನೆಂದು ಆಣೆಯಿಟ್ಟು ಒಂದು ಹಾಡನ್ನು ಹಾಡಿರುತ್ತಾನೆ. ರಾಣಿಯು ನಿನ್ನ ಮನಃಶಾಂತಿಯನ್ನು ಎಂದಿಗೂ ಕೆಡಿಸೆನೆಂದು ಮತ್ತೊಂದನ್ನು ಹಾಡಿರುತ್ತಾಳೆ. ಅಂಕಾಂತ್ಯದ ಜಗಳದಲ್ಲಿ ರಾಜನು ರಾಣಿಯ ಆಣೆಯನ್ನೂ ರಾಣಿಯು ರಾಜನ ಆಣೆಯನ್ನೂ ಎತ್ತಿ ಪರಸ್ಪರ ಮೂದಲಿಸುವರು. ಪ್ರೇಮದ ನುಡಿಯೇ ವ್ಯಂಗ್ಯದ ಬಾಣವಾಗಿ ತಿರುಗುತ್ತದೆ. ಹಿಂದಿನ ಹಾಡುಗಳು ಕೇಳುಗನ ಕಿವಿಯಲ್ಲಿ ಇನ್ನೂ ಇರುವುದರಿಂದ ಯಾರೂ ಬಿಡಿಸಿ ಹೇಳದೆಯೇ ಅರ್ಥ ಹೊಳೆಯುವುದು. ಆಲಂಕಾರಿಕರು ಧ್ವನಿಯೆಂದು ಕರೆದುದು ಇದನ್ನಲ್ಲವೆ?

ದೋಷಗಳನ್ನೂ ಹೇಳಬೇಕು. ಭರತಖಂಡದ ರಾಜನನ್ನು ರಂಗಕ್ಕೆ ತಂದ ಈ ಕೃತಿಯಲ್ಲಿ ಭರತಖಂಡದ ನಾದವಿಲ್ಲ. ಪೌರವನೂ ಅಲೆಕ್ಸಾಂಡರನೂ ಒಂದೇ ಇಟಲಿಯ ಶೈಲಿಯಲ್ಲಿ ಹಾಡುವರು. ರಾಜನ ಪಾತ್ರವನ್ನು ವಹಿಸಿದ ಸೆನೆಸೀನೋ ಎಂಬವನು, ಬಾಲ್ಯದಲ್ಲಿಯೇ ಶಸ್ತ್ರದಿಂದ ಪುಂಸ್ತ್ವವನ್ನು ಕಳೆದು ಕಂಠದ ಎಳೆತನವನ್ನು ಉಳಿಸಿದ ಗಾಯಕರಲ್ಲಿ ಒಬ್ಬನು. ವಿನೋದಕ್ಕಾಗಿ ಮನುಷ್ಯನ ದೇಹವನ್ನೇ ಕೆಡಿಸುವ ಈ ಪದ್ಧತಿಯನ್ನು ಯಾವ ಗಾನಮಾಧುರ್ಯವೂ ಸಮರ್ಥಿಸಲಾರದು. ಗಾಯಕರ ದರ್ಪವಂತೂ ಅತಿಯಾಗಿತ್ತು. 1727ರಲ್ಲಿ ಲಂಡನ್ನಿನಲ್ಲಿ ಇಬ್ಬರು ಗಾಯಕಿಯರ ಪಕ್ಷಪಾತಿಗಳು ನಾಟಕ ನಡೆಯುತ್ತಿರುವಾಗಲೇ ಕೂಗಾಡಿ ಗದ್ದಲವೆಬ್ಬಿಸಿದರು. ಈ ದೋಷಗಳನ್ನು ಅಲ್ಲಿಯವರೇ ಕಂಡಿದ್ದರು. ವೆನಿಸ್ಸಿನ ಮಾರ್ಚೆಲ್ಲೋ 1720ರಲ್ಲಿಯೇ ಆಪೆರಾದ ಮೇಲೆ ಒಂದು ವಿಡಂಬನೆಯನ್ನು ಪ್ರಕಟಿಸಿದನು. 1728ರಲ್ಲಿ ಜಾನ್ ಗೇ ಎಂಬ ಕವಿಯು ಬೀದಿಯ ಧಾಟಿಗಳನ್ನೇ ಆಯ್ದು ‘ಭಿಕ್ಷುಕನ ಆಪೆರಾ’ವನ್ನು ಕಟ್ಟಿದಾಗ ಅದು ಮೊದಲ ಋತುವಿನಲ್ಲಿಯೇ 62 ರಾತ್ರಿ ನಡೆಯಿತು. ಅರಮನೆಯ ಗಾನವು ಜನರ ಹಾಡನ್ನು ಮರೆತಾಗ ಜನರು ಅದಕ್ಕೆ ಹೀಗೆ ಉತ್ತರ ಕೊಡುವುದುಂಟು.

ಜನರ ಹಾಡನ್ನು ಮರೆಯದ ಅರಮನೆಯೊಂದಿತ್ತೆ ಎಂದು ಕೇಳಿದರೆ, ಉತ್ತರಕ್ಕಾಗಿ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಬರಬೇಕು. ಕಲ್ಯಾಣವೆಂದೊಡನೆ ಬಸವೇಶ್ವರರ ಸ್ಮರಣೆ ಬರುವುದು ಸಹಜ. ಅವರಿಗೆ ಒಂದು ತಲೆಮಾರಿನ ಮುಂಚೆ, 1126ರಿಂದ 1138ರ ವರೆಗೆ, ಅಲ್ಲಿ ಆಳಿದವನು ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ. ಸರ್ವಜ್ಞನೆಂಬ ಬಿರುದು ಅವನದು. ಶಕ 1051, ಅಂದರೆ ಕ್ರಿ. ಶ. 1129ರ ಸುಮಾರಿಗೆ ಅವನು ರಚಿಸಿದ ‘ಮಾನಸೋಲ್ಲಾಸ’ಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಇನ್ನೊಂದು ಹೆಸರು. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು, ಒಟ್ಟು ನೂರು ಅಧ್ಯಾಯಗಳು. ರಾಜ್ಯನೀತಿಯಿಂದ ಪಾಕಶಾಸ್ತ್ರದವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ವಿನೋದಗಳನ್ನು ಹೇಳುವ ವಿಂಶತಿಯಲ್ಲಿ ಗೀತ, ವಾದ್ಯ, ನೃತ್ಯಗಳಿಗೆ ವಿಸ್ತಾರವಾದ ಸ್ಥಾನವಿದೆ.

ಸೋಮೇಶ್ವರನ ಗ್ರಂಥವನ್ನು ಓದುವಾಗ ಮೊದಲು ಸಂದೇಹ ಹುಟ್ಟುವುದು. ಗಾನವು ಇಲ್ಲಿ ರಾಜನ ವಿನೋದಗಳಲ್ಲಿ ಒಂದು. ಗಜಯುದ್ಧ, ಮಲ್ಲಯುದ್ಧ, ಬೇಟೆಗಳ ಸಾಲಿನಲ್ಲಿ ಅದು ಕುಳಿತಿದೆ. ನಾದೋಪಾಸನೆಯೆಂದು ಸಂಗೀತವನ್ನು ಭಾವಿಸುವವರಿಗೆ ಇದು ರುಚಿಸಲಾರದು. ಆದರೆ ಮುಂದೆ ಓದಿದಂತೆ ಗ್ರಂಥಕಾರನ ಕಿವಿ ಸಿಂಹಾಸನದಿಂದ ಬಹುದೂರ ಹೋಗಿರುವುದು ಕಾಣುತ್ತದೆ. ಕಥೆಯನ್ನು ಹೇಳುವಾಗ ಷಟ್ಪದಿ, ವಿವಾಹದಲ್ಲಿ ಧವಳ, ಉತ್ಸವದಲ್ಲಿ ಮಂಗಳ, ಯೋಗಿಗಳು ಹಾಡುವ ಚರ್ಯಾ, ಮಹಾರಾಷ್ಟ್ರದ ಹೆಂಗಸರು ಧಾನ್ಯವನ್ನು ಕುಟ್ಟುವಾಗ ಹಾಡುವ ಓವಿ, ಇವುಗಳನ್ನು ಅವನು ಹೆಸರಿಸಿ ಸಂದರ್ಭವನ್ನು ಹೇಳಿರುವನು. ದೇಶಭಾಷೆಗಳ ಹಾಡುಗಳಿಗೂ ಸಂಸ್ಕೃತ ಗ್ರಂಥದೊಳಗೆ ಪ್ರವೇಶ ಕೊಟ್ಟಿರುವನು. ಒನಕೆಯ ಪೆಟ್ಟಿಗೆ ಹೊಂದಿದ ಹೆಂಗಸಿನ ಹಾಡು ಚಕ್ರವರ್ತಿಯ ಗ್ರಂಥದಲ್ಲಿ ಪ್ರಬಂಧವೆನಿಸಿ ಕುಳಿತಿರುವುದು ಸಾಮಾನ್ಯವಲ್ಲ. ಲಂಡನ್ನಿನಲ್ಲಿ ಆಪೆರಾಕ್ಕೆ ಎದುರಾಗಿ ನಿಂತ ಬೀದಿಯ ಹಾಡು, ಕಲ್ಯಾಣದಲ್ಲಿ ಆಸ್ಥಾನದೊಳಗೇ ಆಸನವನ್ನು ಪಡೆದಿತ್ತು.

ಅವನ ಮಗ ಎರಡನೆಯ ಜಗದೇಕಮಲ್ಲನು ‘ಸಂಗೀತ ಚೂಡಾಮಣಿ’ಯನ್ನು ರಚಿಸಿದನು. ಮುಂದಿನ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವನು ‘ಸಂಗೀತ ರತ್ನಾಕರ’ದಲ್ಲಿ ಪೂರ್ವಾಚಾರ್ಯರನ್ನು ಎಣಿಸುವಾಗ ತಂದೆಮಕ್ಕಳಿಬ್ಬರನ್ನೂ ಸ್ಮರಿಸಿರುವನು. ಪ್ರಬಂಧಕ್ಕೆ ಉದ್ಗ್ರಾಹ, ಮೇಲಾಪಕ, ಧ್ರುವ, ಆಭೋಗವೆಂಬ ಧಾತುಗಳನ್ನು ಶಾಸ್ತ್ರವು ಹೇಳುವುದು. ಅವುಗಳಲ್ಲಿ ಧ್ರುವವನ್ನು ಎಂದಿಗೂ ಬಿಡುವಂತಿಲ್ಲ. ಹಾಡು ಎಲ್ಲಿಗೆ ಹೋದರೂ ನೆಲೆಗೆ ಹಿಂದಿರುಗಬೇಕೆಂಬ ನಿಯಮವನ್ನು ಕಲ್ಯಾಣದ ಗಾಯಕನೂ ಲಂಡನ್ನಿನ ಗಾಯಕನೂ ಬೇರೆ ಬೇರೆಯಾಗಿ ಕಂಡುಕೊಂಡಿದ್ದರೆಂದು ಹೇಳಬಹುದು. ಹೀಗಿರುವಾಗ ಭರತಖಂಡದ ಸಂಗೀತಕ್ಕೆ ಬರಹದ ಹಂಗಿರಲಿಲ್ಲವೆಂಬ ಎರಡನೆಯ ಅಭಿಪ್ರಾಯಕ್ಕೂ ಆಧಾರವಿಲ್ಲ.

ಆದರೆ ಎರಡು ಬರಹಗಳಿಗೂ ಮುಂದೆ ಒದಗಿದ ಗತಿ ಒಂದೇ ಅಲ್ಲ. ಹ್ಯಾಂಡೆಲನ ಆಪೆರಾಗಳು 1754ರ ತರುವಾಯ ರಂಗದಿಂದ ಮರೆಯಾದುವು. ನೂರಾ ಅರವತ್ತು ವರ್ಷಗಳಿಗೂ ಮಿಕ್ಕಿ ಅವನ್ನು ಆಡುವುದು ಬಹುಮಟ್ಟಿಗೆ ನಿಂತೇ ಹೋಗಿತ್ತು. 1920ರಲ್ಲಿ ಜರ್ಮನಿಯ ಗಟ್ಟಿಂಗೆನ್ ನಗರದಲ್ಲಿ ‘ರೋಡೆಲಿಂಡಾ’ವನ್ನು ಆಡಿದಂದಿನಿಂದ ಅವು ಮತ್ತೆ ಎಚ್ಚತ್ತುವು. ಬಾಖನ ‘ಮತ್ತಾಯನ ಯಾತನಾಗೀತ’ವನ್ನು 1829ರಲ್ಲಿ ಬರ್ಲಿನ್ನಿನಲ್ಲಿ ಮೆಂಡೆಲ್ಸನ್ ಎಂಬ ತರುಣನು ಪುನರುದ್ಧರಿಸಿದನು. ಇದಕ್ಕೆ ಕಾರಣವು ಸ್ವರಲಿಪಿ. ಹಾಡುವ ಪರಂಪರೆ ಕಡಿದುಹೋಗಿತ್ತು. ಸೆನೆಸೀನೋವಿನ ಗಮಕಗಳು ಅವನೊಡನೆಯೇ ಹೋಗಿದ್ದುವು. ಆದರೆ ಹಾಡಿನ ಅಸ್ಥಿಪಂಜರವು ಕಾಗದದ ಮೇಲೆ ಉಳಿದಿತ್ತು. ಅದರ ಮೇಲೆ ಇಂದಿನವರು ಹಳೆಯ ಶಿಕ್ಷಾಗ್ರಂಥಗಳನ್ನು ಓದಿ, ಊಹಿಸಿ, ಮಾಂಸವನ್ನು ತುಂಬುತ್ತಿರುವರು.

ಕಲ್ಯಾಣದಲ್ಲಿ ಹೀಗಾಗಲಿಲ್ಲ. ‘ಮಾನಸೋಲ್ಲಾಸ’ವು ಬಡೋದೆಯ ಗ್ರಂಥಮಾಲೆಯಲ್ಲಿ 1925ರಿಂದ ಮೂರು ಸಂಪುಟಗಳಾಗಿ ಅಚ್ಚಾಗಿದೆ, ಓದಲು ಅಡ್ಡಿಯಿಲ್ಲ. ಆದರೆ ಅದರಲ್ಲಿರುವುದು ಲಕ್ಷಣ. ಸೋಮೇಶ್ವರನ ಸಭೆಯಲ್ಲಿ ಒಬ್ಬ ಗಾಯಕನು ಹಾಡಿದ ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಎತ್ತಿ ಹಾಡಲು ಆ ಗ್ರಂಥವೊಂದೇ ಸಾಲದು. ಲಕ್ಷಣವು ಉಳಿದು ಲಕ್ಷ್ಯವು ಅಳಿಯಿತು. ಶಾಸ್ತ್ರವಿದ್ದರೆ ಸಾಕು, ಸಂಗೀತವು ತಾನೇ ಉಳಿಯುವುದೆಂದು ನಂಬುವ ಪಂಡಿತರಿಗೆ ಇದು ದೊಡ್ಡ ಪಾಠ.

ಕಲ್ಯಾಣದ ನೆರೆಯಲ್ಲಿಯೇ ಇದಕ್ಕೆ ಪ್ರತಿಯಾದ ಇನ್ನೊಂದು ಉದಾಹರಣೆಯುಂಟು. ಹುಮನಾಬಾದಿನ ಬಳಿಯ ಮಾಣಿಕನಗರವು ಶ್ರೀ ಮಾಣಿಕಪ್ರಭುಗಳ ಸ್ಥಾನ. 1817ರಲ್ಲಿ ಲಾಡವಂತಿಯಲ್ಲಿ ಹುಟ್ಟಿ, ಬಾಲ್ಯವನ್ನು ಕಲ್ಯಾಣದಲ್ಲಿ ಕಳೆದು, 1865ರಲ್ಲಿ ಮಾಣಿಕನಗರದಲ್ಲಿ ಸಮಾಧಿಸ್ಥರಾದ ಈ ಮಹನೀಯರು ಕನ್ನಡ, ಮರಾಠಿ, ಹಿಂದಿ ಮೊದಲಾದ ಭಾಷೆಗಳಲ್ಲಿ ಪದಗಳನ್ನು ರಚಿಸಿರುವರು. ಸೀಮೆಯ ಜನರು ಮೂರು ನಾಲ್ಕು ಭಾಷೆಗಳಲ್ಲಿ ಬದುಕುವಂತೆ ಅವರ ಗಾನವೂ ಬದುಕಿತು. ವಾರದ ಒಂದೊಂದು ದಿನಕ್ಕೆ ಒಂದೊಂದು ಭಜನೆಯ ಕ್ರಮವು ಅಲ್ಲಿ ಉಂಟು; ದತ್ತಜಯಂತಿಯ ಉತ್ಸವದಲ್ಲಿ ಸಂಗೀತದ ದರ್ಬಾರು ನಡೆಯುವುದು. ಇಲ್ಲಿ ಹಾಡು ಕೆಲವರ ವಿನೋದವಲ್ಲ, ನಿತ್ಯಕರ್ಮ. ನಿತ್ಯವೂ ಹಾಡುವುದರಿಂದಲೇ ಅದು ಉಳಿದಿದೆ. ಭಜನೆಗೆ ಕುಳಿತ ಬಾಲಕನು ಧಾಟಿಯನ್ನು ಕಲಿತೆನೆಂದು ಅರಿಯುವುದಕ್ಕೆ ಮೊದಲೇ ಕಲಿತಿರುತ್ತಾನೆ.

ಹಾಗಾದರೆ ಕಂಠವೇ ಸಾಕಲ್ಲವೆ ಎಂದು ಕೆಲವರು ಕೇಳಬಹುದು. ಕಂಠವು ಒಂದು ತಲೆಮಾರು ಮರೆತರೆ ಮುಗಿಯಿತು. ಹ್ಯಾಂಡೆಲನಿಗಾದಂತೆ ನೂರಾ ಅರವತ್ತು ವರ್ಷ ನಿದ್ರಿಸಿ ಏಳುವ ಭಾಗ್ಯ ಅದಕ್ಕಿಲ್ಲ. ಮಾಣಿಕನಗರದ ಪದಗಳಿಗೆ ಸಂಸ್ಥಾನದ ಆಶ್ರಯವಿದೆ. ಆದರೆ ಸೋಮೇಶ್ವರನು ಕಿವಿಗೊಟ್ಟು ಕೇಳಿದ ಆ ಕುಟ್ಟುವ ಹಾಡು, ಬೀಸುವ ಹಾಡು, ಮದುವೆಯ ಹಾಡುಗಳಿಗೆ ಯಾವ ಆಶ್ರಯವಿದೆ? ಬೀಸುಕಲ್ಲನ್ನು ಹಿಟ್ಟಿನ ಗಿರಣಿಯು ಓಡಿಸಿತು. ಕಲ್ಲಿನೊಡನೆ ಅದರ ಹಾಡೂ ಮನೆಯಿಂದ ಹೊರಟುಹೋಗುತ್ತಿದೆ. ಜಾನಪದದ ಸಂಗ್ರಾಹಕರು ಮಾತನ್ನು ಬರೆದುಕೊಂಡಷ್ಟು ಧಾಟಿಯನ್ನು ಬರೆದುಕೊಳ್ಳಲಿಲ್ಲ. ಧಾಟಿಯಿಲ್ಲದ ತ್ರಿಪದಿಯು ಪುಸ್ತಕದಲ್ಲಿ ಒಣಗಿಸಿಟ್ಟ ಹೂವಿನಂತೆ, ಆಕಾರವಿದ್ದರೂ ಪರಿಮಳವಿಲ್ಲ.

ಯುರೋಪಿನ ಆ ಯುಗದಿಂದ ಕಲಿಯತಕ್ಕುದು ಅದರ ವೈಭವವನ್ನಲ್ಲ, ಅದರ ಲೇಖನಶ್ರದ್ಧೆಯನ್ನು. ಮಾಣಿಕನಗರದಿಂದ ಕಲಿಯತಕ್ಕುದು ನಿತ್ಯಾಭ್ಯಾಸವನ್ನು. ಕಲ್ಯಾಣದ ಅರಸನಿಂದ ಕಲಿಯತಕ್ಕುದು ಒನಕೆಯ ಹಾಡಿಗೂ ಕಿವಿಗೊಡುವ ಔದಾರ್ಯವನ್ನು. ಇಂದು ಧ್ವನಿಯನ್ನು ಹಿಡಿದಿಡುವ ಯಂತ್ರಗಳು ಮನೆಮನೆಯಲ್ಲಿಯೂ ಇರುವುವು. ಸೋಮೇಶ್ವರನಿಗೂ ಹ್ಯಾಂಡೆಲನಿಗೂ ಇಲ್ಲದಿದ್ದ ಸೌಕರ್ಯವಿದು. ಮನೆಯ ಹಿರಿಯ ಹೆಣ್ಣುಮಗಳು ಸೊಸೆಯಂದಿರ ಎದುರಿಗೆ ಹಾಡಿದ ಒಂದು ಹಾಡನ್ನು ಅದರ ಧಾಟಿಯೊಡನೆ, ಸಂದರ್ಭದೊಡನೆ, ಊರಿನ ಹೆಸರಿನೊಡನೆ ಹಿಡಿದಿಟ್ಟು, ಮನೆಯ ಮಕ್ಕಳಿಂದಲೂ ಅದನ್ನು ಹಾಡಿಸಿದರೆ ಲಕ್ಷ್ಯ ಲಕ್ಷಣಗಳೆರಡೂ ಉಳಿದಂತಾಯಿತು. ಈ ಕೆಲಸಕ್ಕೆ ಅರಸರ ಆಸ್ಥಾನ ಬೇಕಿಲ್ಲ, ಕೇಳುವ ಮನಸ್ಸು ಸಾಕು. ಆ ಹಿರಿಯ ಕಂಠಗಳು ಇನ್ನೆಷ್ಟು ವರ್ಷ ಕಾದಿರಬಲ್ಲವು ಎಂಬುದನ್ನು ಮಾತ್ರ ಸಹೃದಯರು ಮರೆಯಬಾರದು.