ಕನ್ನಡಿಯೊಳಗಿನ ಗಂಟು

ಆರು ಮಳೆಗಾಲ ಊರೂರು ತಿರುಗಿ ರೆಕಾರ್ಡ್ ಮಾಡಿಕೊಂಡಿದ್ದ ತಾಳಮದ್ದಳೆ ಕೂಟಗಳು ಒಂದೇ ಭಾನುವಾರ ನನ್ನ ಕೈಬಿಟ್ಟವು. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಬೆಳಿಗ್ಗೆ ಬೇಡದ ಫೋಲ್ಡರುಗಳನ್ನು ಅಳಿಸುತ್ತ ಕೂತಿದ್ದೆ. ಅವುಗಳ ಜೊತೆ ಬೇಕಾದದ್ದೂ ಒಂದು ಹೋಯಿತು, ಗೊತ್ತಾಗಲಿಲ್ಲ; ರೀಸೈಕಲ್ ಬಿನ್ನನ್ನೂ ಬರಿದು ಮಾಡಿದೆ. ಮಧ್ಯಾಹ್ನ ಎಂದಿನಂತೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿ ಬ್ಯಾಕಪ್ ಓಡಿಸಿದೆ. ಮಿರರ್ ವಿಧಾನದ ಬ್ಯಾಕಪ್. ಮಿರರ್ ಅಂದರೆ ಕನ್ನಡಿ: ಈಚೆ ಇದ್ದದ್ದು ಆಚೆ ಇರಬೇಕು, ಈಚೆ ಇಲ್ಲದ್ದು ಆಚೆಯೂ ಇರಬಾರದು. ಅದು ಹೇಳಿದ್ದನ್ನು ಹೇಳಿದ ಹಾಗೆ ಮಾಡಿತು. ಭದ್ರವಾಗಿದೆ ಎಂದು ನಾನು ನಂಬಿದ್ದ ಗಂಟು ಕನ್ನಡಿಯೊಳಗಿನ ಗಂಟಾಗಿತ್ತು.

ಬ್ಯಾಕಪ್ ಬೇಗ ಮುಗಿಯಬೇಕು ಎನ್ನುವುದರಲ್ಲಿ ನನಗೆ ಈಗಲೂ ಎರಡು ಮಾತಿಲ್ಲ. ಮೂರು ಗಂಟೆ ಹಿಡಿಯುವ ಕೆಲಸವನ್ನು ಯಾರೂ ಮೂರನೇ ವಾರ ಮಾಡುವುದಿಲ್ಲ. ಆದರೆ ಆ ವೇಗ ಎಲ್ಲಿಂದ ಬರಬೇಕು, ಎಲ್ಲಿಂದ ಬರಬಾರದು ಎಂಬುದು ತಿಳಿದಿರಬೇಕು.

ಮೊದಲು ಕೇಬಲ್ಲು. ಪೋರ್ಟಬಲ್ ಹಾರ್ಡ್ ಡಿಸ್ಕಿನ ಬಾಯಿ ನೋಡಿ: ಅನೇಕವುಗಳಲ್ಲಿ ಅದು ಅಗಲವಾಗಿದ್ದು, ನಡುವೆ ಸಣ್ಣದೊಂದು ಕಚ್ಚಿನಿಂದ ಎರಡು ಭಾಗವಾಗಿರುತ್ತದೆ. ಅದರ ದೊಡ್ಡ ಭಾಗದೊಳಗೆ ಹಳೆಯ ಫೋನಿನ ಮೈಕ್ರೋ ಯುಎಸ್‌ಬಿ ಕೇಬಲ್ಲು ಸರಿಯಾಗಿ ಕೂರುತ್ತದೆ. ದೀಪ ಹತ್ತುತ್ತದೆ, ಡ್ರೈವ್ ತೆರೆದುಕೊಳ್ಳುತ್ತದೆ, ಏನೂ ತಪ್ಪಿದಂತೆ ಕಾಣುವುದಿಲ್ಲ. ಆದರೆ ಆಗ ಅದು ಯುಎಸ್‌ಬಿ 2.0 ವೇಗಕ್ಕೆ ಇಳಿದಿರುತ್ತದೆ. ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, ಕೈಗೆ ಸಿಗುವುದು 35 ಮೆಗಾಬೈಟ್ ಆಸುಪಾಸು. 300 ಜಿಬಿ ಸಾಗಿಸಲು ಎರಡೂಕಾಲು ಗಂಟೆಗೂ ಹೆಚ್ಚು. ಅದೇ ಡಿಸ್ಕಿಗೆ ಅದರದೇ ಅಗಲದ ಕೇಬಲ್ಲು ಹಾಕಿ ಲ್ಯಾಪ್‌ಟಾಪಿನ ಯುಎಸ್‌ಬಿ 3 ಪೋರ್ಟಿಗೆ ಕೊಟ್ಟರೆ ಸೆಕೆಂಡಿಗೆ 110 ಮೆಗಾಬೈಟಿನಷ್ಟು ಬರುತ್ತದೆ. ಮುಕ್ಕಾಲು ಗಂಟೆಯ ಕೆಲಸ. ಟೈಪ್ ಸಿ ಕೇಬಲ್ಲಿನಲ್ಲೂ ಇದೇ ಮೋಸವಿದೆ. ಫೋನ್ ಚಾರ್ಜರಿನ ಜೊತೆ ಬರುವ ಟೈಪ್ ಸಿ ಕೇಬಲ್ಲುಗಳಲ್ಲಿ ಬಹುಪಾಲು ಯುಎಸ್‌ಬಿ 2.0 ವೇಗದವು. ಹೊಸ ಡ್ರೈವ್ ಕೊಳ್ಳುವ ಮೊದಲು ಕೇಬಲ್ಲು ಬದಲಿಸಿ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನೊಂದು ಅಡ್ಡಿ ಸಣ್ಣ ಫೈಲುಗಳದ್ದು. 4 ಜಿಬಿಯ ಒಂದು ವಿಡಿಯೋ ನೀರಿನ ಹಾಗೆ ಹರಿದು ಹೋಗುತ್ತದೆ. ಅಷ್ಟೇ ತೂಕದ ನಲವತ್ತು ಸಾವಿರ ಚೂರುಗಳಾದರೆ ಒಂದೊಂದಕ್ಕೂ ಹೆಸರು ಬರೆಯಬೇಕು, ಜಾಗ ಹುಡುಕಬೇಕು, ಡಿಸ್ಕಿನ ಮುಳ್ಳು ಅತ್ತಿತ್ತ ಓಡಾಡಬೇಕು. ಇನ್ನು ಮುಟ್ಟುವುದಿಲ್ಲ ಎನಿಸಿದ ಹಳೆಯ ಫೋಲ್ಡರುಗಳನ್ನು ಜಿಪ್ ಮಾಡಿ ಒಂದೇ ಕಟ್ಟಾಗಿಸಿ ಇಡುವುದು ನನ್ನ ರೂಢಿ.

ನಿಜವಾದ ವೇಗ ಇರುವುದು ಎರಡನೇ ವಾರದಲ್ಲಿ. ಎಲ್ಲವನ್ನೂ ಮತ್ತೆ ಕಾಪಿ-ಪೇಸ್ಟ್ ಮಾಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹೊಸದು, ಬದಲಾದದ್ದು ಇಷ್ಟನ್ನೇ ಸಾಗಿಸುವ ರೋಬೋಕಾಪಿ ಎಂಬ ಆಜ್ಞೆ 2007ರ ವಿಸ್ಟಾದಿಂದಲೂ ವಿಂಡೋಸಿನ ಒಳಗೇ ಇದೆ. ಅದಕ್ಕೆ ಸ್ಲ್ಯಾಶ್ ಇ ಎಂದು ಕೊಟ್ಟರೆ ಒಳಗಿನ ಫೋಲ್ಡರುಗಳೆಲ್ಲ ಬರುತ್ತವೆ, ಡ್ರೈವಿನಲ್ಲಿ ಮೊದಲೇ ಇದ್ದದ್ದು ಅಳಿಯುವುದಿಲ್ಲ. ಸ್ಲ್ಯಾಶ್ ಎಂಐಆರ್ ಎಂದರೆ ಮಾತ್ರ ಕನ್ನಡಿ. ನನ್ನ ಗಂಟು ಹೋದದ್ದು ಆ ಮೂರು ಅಕ್ಷರಗಳಿಂದ. ಇನ್ನೊಂದು ಸೂಕ್ಷ್ಮವಿದೆ: ಯಾವುದಾದರೂ ಫೈಲು ತೆರೆದಿದ್ದು ಸಿಗದೆ ಹೋದರೆ ರೋಬೋಕಾಪಿ ತಾನಾಗಿ 30 ಸೆಕೆಂಡು ಕಾದು ಮತ್ತೆ ಯತ್ನಿಸುತ್ತದೆ, ಹೀಗೆ 10 ಲಕ್ಷ ಸಲ. ಲೆಕ್ಕ ಹಾಕಿದರೆ ಒಂದು ಫೈಲಿಗೆ 347 ದಿನ! ಸ್ಲ್ಯಾಶ್ ಆರ್ ಕೋಲನ್ 1, ಸ್ಲ್ಯಾಶ್ ಡಬ್ಲ್ಯೂ ಕೋಲನ್ 1 ಎಂದು ಸೇರಿಸಿ. ಒಂದು ಸಲ ನೋಡಿ ಮುಂದಕ್ಕೆ ಹೋಗುತ್ತದೆ. ಈಗ ನನ್ನ ವಾರದ ಬ್ಯಾಕಪ್ಪಿಗೆ ಕಾಫಿ ಸೋಸುವಷ್ಟು ಹೊತ್ತು ಸಾಕು.

ಅಳಿಸಿದ್ದರಿಂದ ಇದು ಕಾಯುತ್ತದೆ, ಕೆಟ್ಟದ್ದರಿಂದ ಕಾಯುವುದಿಲ್ಲ. ಹಾಳಾದ ಬರಹವೊಂದನ್ನು ಹಾಗೇ ಉಳಿಸಿದ್ದರೆ ಹಾಳಾದದ್ದೇ ಹಳೆಯದರ ಮೇಲೆ ಹೋಗಿ ಕೂರುತ್ತದೆ. ಅದಕ್ಕೆ ಹಳೆಯ ರೂಪಗಳನ್ನೂ ಇಟ್ಟುಕೊಳ್ಳುವ ವ್ಯವಸ್ಥೆ ಬೇಕು. ಮ್ಯಾಕ್‌ನಲ್ಲಿ 2007ರಿಂದ ಇರುವ ಟೈಮ್ ಮಷೀನ್ ಈ ವಿಷಯದಲ್ಲಿ ನನಗೆ ತುಂಬ ಮೆಚ್ಚುಗೆ: ಕಳೆದ 24 ಗಂಟೆಗೆ ತಾಸಿಗೊಂದು, ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು ಪ್ರತಿ ಇಡುತ್ತದೆ. ವಿಂಡೋಸಿನಲ್ಲಿ ಫೈಲ್ ಹಿಸ್ಟರಿ ಇದೆ, ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಹುಡುಕಿ ಚಾಲೂ ಮಾಡಬೇಕು.

ಇನ್ನು ತೆಗೆಯುವ ಹೊತ್ತು. ಪರದೆ ಮುಗಿಯಿತು ಅಂದರೂ ಕೊನೆಯ ಒಂದಷ್ಟು ಇನ್ನೂ ಲ್ಯಾಪ್‌ಟಾಪಿನ ಮೆಮೊರಿಯಲ್ಲೇ ಇರಬಹುದು. ಮೂಟೆಗಳ ಲೆಕ್ಕ ಬರೆದಾಗಿದೆ, ಮೂಟೆ ಇನ್ನೂ ಜಗಲಿಯಲ್ಲೇ ಇವೆ ಅನ್ನುವ ಹಾಗೆ. ಇಜೆಕ್ಟ್ ಕೊಟ್ಟಾಗಲೇ ಅವು ಗಾಡಿ ಹತ್ತುವುದು ಖಚಿತ. ಆಮೇಲೂ ನಾನು ಡಿಸ್ಕಿನ ಮೇಲೆ ಬೆರಳಿಟ್ಟು ಕಾಯುತ್ತೇನೆ. ಒಳಗೆ ತಟ್ಟೆ ತಿರುಗುವುದು ನಿಂತು ಆ ನವಿರಾದ ನಡುಕ ಅಡಗುತ್ತದೆ. ಅಲ್ಲಿಯವರೆಗೆ ಎತ್ತುವುದಿಲ್ಲ, ಸರಿಸುವುದೂ ಇಲ್ಲ.

ಕೆಲಸ ಮುಗಿದ ಮೇಲೆ ಡ್ರೈವನ್ನು ಸಿಕ್ಕಿಸಿಯೇ ಬಿಡಬಾರದು. 2017ರ ವಾನಾಕ್ರೈನಂಥ ರ‍್ಯಾನ್ಸಮ್‌ವೇರ್ ನುಗ್ಗಿದರೆ ಜೋಡಿಸಿದ ಡ್ರೈವಿಗೂ ಬೀಗ ಹಾಕುತ್ತದೆ. ಕಪಾಟಿನಲ್ಲಿ ವರ್ಷಗಟ್ಟಲೆ ಇಡುವುದಕ್ಕೆ ನನ್ನ ಆಯ್ಕೆ ತಿರುಗುವ ಹಾರ್ಡ್ ಡಿಸ್ಕೇ. ಎಸ್ಎಸ್‌ಡಿ ಎಷ್ಟೇ ಚುರುಕಾದರೂ ಬಹುಕಾಲ ವಿದ್ಯುತ್ ಕಾಣದಿದ್ದರೆ ಅದರೊಳಗಿನ ಚಾರ್ಜ್ ಮೆಲ್ಲಗೆ ಸೋರುತ್ತದೆ. ನಮ್ಮ ಕಡೆಯ ಮಳೆಗಾಲಕ್ಕೆ ಡಬ್ಬಿಯೊಳಗೆ ಸಿಲಿಕಾ ಜೆಲ್ಲಿನ ಎರಡು ಪೊಟ್ಟಣವೂ ಬೇಕು.

ತಿಂಗಳಿಗೊಮ್ಮೆ ಆ ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕು ಫೈಲು ತೆರೆದು ನೋಡುತ್ತೇನೆ. ಕನ್ನಡದಲ್ಲಿ ಬರೆಯುವವರು ಇದನ್ನು ಬಿಡಲೇಬಾರದು. ಯೂನಿಕೋಡ್ ಬಳಕೆಗೆ ಮುಂಚೆ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪಿಸಿದ ಕಡತ ಅದರ ಫಾಂಟ್ ಇಲ್ಲದ ಯಂತ್ರದಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕಡತದ ಪಕ್ಕದಲ್ಲೇ ಫಾಂಟನ್ನೂ ಇಡಿ. ಸಾಧ್ಯವಿದ್ದಷ್ಟನ್ನು ಯೂನಿಕೋಡಿಗೆ ಬದಲಿಸಿ, ಅದರ ಪ್ರತಿಯನ್ನೂ ಸೇರಿಸಿ.

ಆ ಭಾನುವಾರ ರಾತ್ರಿ ಪುತ್ತೂರಿನ ಸ್ನೇಹಿತರೊಬ್ಬರಿಗೆ ಫೋನ್ ಮಾಡಿ ಎಲ್ಲ ಹೋಯಿತು ಎಂದೆ. "ಎಲ್ಲ ಎಲ್ಲಿ ಹೋಯ್ತು ಮಾರಾಯ್ರೆ? ನೀವು ಪೆನ್‌ಡ್ರೈವಲ್ಲಿ ಕೊಟ್ಟ ಹನ್ನೊಂದು ಕೂಟ ನನ್ನ ಹತ್ರ ಉಂಟಲ್ಲ" ಅಂದರು. ಕೃಷ್ಣ ಸಂಧಾನ ಇತ್ತು, ವಾಲಿ ಮೋಕ್ಷ ಇತ್ತು. ಉಳಿದವು ಎಲ್ಲೂ ಇಲ್ಲ. ಈಗ ನನ್ನ ಬಳಿ ಎರಡು ಡ್ರೈವ್ ಇವೆ. ಒಂದು ಮನೆಯಲ್ಲಿ, ಇನ್ನೊಂದು ಅವರ ಕಪಾಟಿನಲ್ಲಿ. ಕೂಟಕ್ಕೆ ಹೋಗುವಾಗ ಚೀಲದಲ್ಲಿ ಒಂದನ್ನು ಒಯ್ಯುತ್ತೇನೆ, ಚಾ ಕುಡಿದು ಮತ್ತೊಂದನ್ನು ತರುತ್ತೇನೆ.